ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಪ್ರಯಾಣ: ಕುಮಟೆ ರೈಲೋ, ತಾಳಗುಪ್ಪ ರೈಲೋ, ಊರ ಬಸ್ಸೋ?

ಶಿರಸಿಗೆ ರೈಲಿಲ್ಲ. ಹಾಗಾಗಿಯೇ ಬೆಂಗಳೂರಿಗೆ ಹೊರಟವನ ಮುಂದೆ ಎರಡು ರೈಲ್ವೆ ಸ್ಟೇಷನ್ನು, ಒಂದು ಬಸ್‌ಸ್ಟ್ಯಾಂಡು ಬಂದು ನಿಲ್ಲುತ್ತವೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದರೆ ಕಾರವಾರದಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್. ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಹೋದರೆ ಬೆಂಗಳೂರು ಹಾದು ಮೈಸೂರಿಗೆ ಹೋಗುವ ರೈಲು. ಎಲ್ಲಿಗೂ ಹೋಗದೆ ಊರಲ್ಲೇ ಹತ್ತಿದರೆ ಸ್ಲೀಪರ್ ಬಸ್ಸು. ಹಾವೇರಿಯೂ ಒಂದು ದಾರಿಯೇ, ರಾಣಿ ಚೆನ್ನಮ್ಮ ಅಲ್ಲಿ ನಿಲ್ಲುತ್ತದೆ. ಆದರೆ ಮೀರಜ್, ಬೆಳಗಾವಿ, ಹುಬ್ಬಳ್ಳಿಯವರೆಲ್ಲ ಹತ್ತಿ ಮಲಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಅದು ಬರುವುದು. ಆ ಗೊಡವೆ ನನಗೆ ಬೇಡವೆನಿಸಿ ಲೆಕ್ಕದಿಂದ ಬಿಟ್ಟಿದ್ದೇನೆ.

ಉಳಿದ ಮೂರರಲ್ಲೂ ಓಡಾಡಿದ್ದೇನೆ. ಒಮ್ಮೊಮ್ಮೆ ಒಬ್ಬನೇ, ಒಮ್ಮೊಮ್ಮೆ ಆಯಿಯನ್ನು, ಅಂದರೆ ಅಮ್ಮನನ್ನು, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು. ಮಳೆಗಾಲದಲ್ಲೂ ಹೋಗಿದ್ದೇನೆ, ಚೌತಿ ಗದ್ದಲದಲ್ಲೂ ಬಂದಿದ್ದೇನೆ. ಇದರಿಂದ ನನಗೆ ಗಟ್ಟಿಯಾದದ್ದು ಒಂದು: 'ನಂಬಿಕೆ' ಅನ್ನುವುದನ್ನು ಇಲ್ಲಿ ಎರಡು ಬೇರೆ ಖಾತೆಯಲ್ಲಿ ಬರೆಯಬೇಕು. ಹೊತ್ತಿಗೆ ಮುಟ್ಟಿಸುತ್ತದೆಯೋ ಎಂಬುದು ಒಂದು, ಮಲಗಲು ಜಾಗ ಸಿಗುತ್ತದೆಯೋ ಎಂಬುದು ಇನ್ನೊಂದು. ರೈಲು ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಕೈಕೊಡುತ್ತದೆ. ಬಸ್ಸು ಸರಿಯಾಗಿ ಉಲ್ಟಾ.

ಮೊದಲು ಜಾಗದ ಮಾತು. ನಾನ್ ಎಸಿ ಸ್ಲೀಪರ್ ಬಸ್ಸಿನಲ್ಲಿ ಒಂದು ಪಕ್ಕ ಜೋಡಿ, ಒಂದು ಪಕ್ಕ ಒಂಟಿ, ಮೇಲೊಂದು ಕೆಳಗೊಂದು ಅಂತ ಎಲ್ಲ ಸೇರಿ ಮೂವತ್ತು ಚಿಲ್ಲರೆ ಜನ. ರೈಲಿನ ಹಳೇ ಐಸಿಎಫ್ ಸ್ಲೀಪರ್ ಬೋಗಿಯಲ್ಲಿ 72 ಬರ್ತ್. ಎಂಟೆಂಟರ ಒಂಬತ್ತು ಖಾನೆ. ಹೊಸ ಎಲ್‌ಎಚ್‌ಬಿ ಬೋಗಿ ಸ್ವಲ್ಪ ಉದ್ದ, ಅದರಲ್ಲಿ ಹತ್ತು ಖಾನೆ, 80 ಬರ್ತ್. ತ್ರೀ ಟೈರ್ ಎಸಿಯಲ್ಲಿ ಹಳೆಯದರಲ್ಲಿ 64, ಹೊಸದರಲ್ಲಿ 72. ಅಂದರೆ ಒಂದೇ ಒಂದು ಸ್ಲೀಪರ್ ಬೋಗಿ ಎಂದರೆ ಎರಡು ಬಸ್ಸು ತುಂಬಿ ಇನ್ನೂ ಮಿಕ್ಕುತ್ತದೆ. ಅಂಥ ಏಳು ಬೋಗಿಯ ರೈಲಿಗೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಒಂದೇ ರಾತ್ರಿಗೆ 56 ಬರ್ತ್ ಹೆಚ್ಚು. ಕಾಗದದ ಮೇಲೆ ಚೆಂದ. ಆದರೆ ಬೋಗಿ ಉದ್ದವಾದಷ್ಟೂ ಪ್ಲಾಟ್‌ಫಾರ್ಮಿನಲ್ಲಿ, ಕ್ರಾಸಿಂಗ್ ಲೈನಿನಲ್ಲಿ ಹಿಡಿಯುವ ಬೋಗಿಯ ಸಂಖ್ಯೆ ಇಳಿಯುತ್ತದೆ. ಎಲ್‌ಎಚ್‌ಬಿ ಬೋಗಿಯ ಕೊಂಡಿಯ ಜಗ್ಗಾಟ ಬೇರೆ. ರೈಲು ಹೊರಡುವಾಗ ಮಲಗಿದವರನ್ನು ಒಮ್ಮೆ ಎಳೆದು ಬಿಡುತ್ತದೆ. ಲಾಲೂ ಪ್ರಸಾದರು ರೈಲ್ವೆ ಸಚಿವರಾಗಿದ್ದಾಗ ಜಾಗ ಹೆಚ್ಚಿಸಲೆಂದು ಪಕ್ಕದ ಸಾಲಿನಲ್ಲೂ ನಡುವಿನ ಬರ್ತ್ ತೂರಿಸಿದ್ದರು. ಅದರಲ್ಲಿ ಮಲಗಿದವರಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಸದ್ಯ, ಮಾಮೂಲಿ ಸ್ಲೀಪರ್‌ನಿಂದ ಅದು ಹೋಯಿತು.

ಇಷ್ಟೆಲ್ಲ ಬರ್ತ್ ಇದ್ದೂ ಪಂಚಗಂಗಾದಲ್ಲಿ ಕುಮಟೆಯವನಿಗೆ ಸಿಗುವುದಿಲ್ಲ ಯಾಕೆ? ನಕ್ಷೆ ಬಿಡಿಸಿ ನೋಡಿ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಸುರತ್ಕಲ್. ಮೂರು ಜಿಲ್ಲೆಯ ಕರಾವಳಿ ಒಂದೇ ರೈಲಿಗೆ ಕೈಚಾಚುತ್ತದೆ. ಎಲ್ಲರೂ ಹೋಗುವುದು ಬೆಂಗಳೂರಿಗೇ. ನಡುವೆ ಇಳಿಯುವವರು ಬೆರಳೆಣಿಕೆ. ಒಬ್ಬ ಎದ್ದು ಹೋದ ಜಾಗಕ್ಕೆ ಇನ್ನೊಬ್ಬ ಬರುವ ಮಾತೇ ಇಲ್ಲ, ಒಂದು ರಾತ್ರಿಗೆ ಒಂದು ಬರ್ತು ಒಬ್ಬನಿಗೆ ಮಾತ್ರ. ಮುರ್ಡೇಶ್ವರದಿಂದ ಮಂಗಳೂರು, ಮೈಸೂರು ಸುತ್ತಿ ಹೋಗುವ ಇನ್ನೊಂದು ರೈಲು ಬಂದ ಮೇಲೆ ಭಟ್ಕಳದ ಕಡೆಯವರ ಭಾರ ಸ್ವಲ್ಪ ಅತ್ತ ಹೋಗಿದೆ. ಅದು ಮುರ್ಡೇಶ್ವರದಿಂದ ಈಚೆಗೆ ಬರುವುದಿಲ್ಲ, ನಮಗೆ ಉಪಯೋಗವಿಲ್ಲ.

2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿಯಿತು. ಇದರಿಂದ ನನಗಂತೂ ಅನುಕೂಲವಾಗಿದೆ. ನಾಲ್ಕು ತಿಂಗಳು ಮೊದಲೇ ಅಡಿಕೆ ಸುಲಿತ ಯಾವಾಗ ಮುಗಿಯುತ್ತದೆಂದು ಯಾವ ತೋಟಿಗನಿಗೂ ಹೇಳಲಾಗದು. ವೇಟಿಂಗ್ ಬಂದರೆ ನಂಬರಿಗಿಂತ ಅದರ ಹಿಂದಿನ ಅಕ್ಷರ ನೋಡಬೇಕು. ಜಿಎನ್ (ಸಾಮಾನ್ಯ ವೇಟಿಂಗ್) ಅಂತಿದ್ದರೆ ಆಸೆ ಇಟ್ಟುಕೊಳ್ಳಬಹುದು. ಪಿಕ್ಯೂ (ನಡುವಿನ ಹಲವು ಸ್ಟೇಷನ್ನಿಗೆ ಸೇರಿ ಇರುವ ಸಣ್ಣ ಕೋಟಾ) ಅಂತಿದ್ದರೆ ಬಸ್ಸಿನ ಟಿಕೆಟ್ಟೂ ತೆಗೆದಿಡಿ. ಕುಮಟೆಯಿಂದ ಸಿಗದಿದ್ದರೆ ಕಾರವಾರದಿಂದ ಟಿಕೆಟ್ ಮಾಡಿ, ಹತ್ತುವ ಸ್ಟೇಷನ್ ಕುಮಟಾ ಎಂದು ಹಾಕಿ ನೋಡಬೇಕು. ನಾಲ್ಕು ಕಾಸು ಹೆಚ್ಚಾಗುತ್ತದೆ, ಅಷ್ಟೇ. ಚಾರ್ಟ್ (ಬರ್ತ್ ಹಂಚಿದ ಕೊನೆಯ ಪಟ್ಟಿ) ಆದ ಮೇಲೂ ವೇಟಿಂಗಿನಲ್ಲೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಹತ್ತುವಂತಿಲ್ಲ. ಶಿರಸಿಯವನ ಪೇಚಾಟ ಇದ್ದದ್ದೇ ಇಲ್ಲಿ. ಕುಮಟೆಯವನಾದರೆ ಮನೆಯಲ್ಲಿ ಕೂತು ಕಾಯುತ್ತಿದ್ದ, ನಾವು ಘಟ್ಟ ಇಳಿಯುವುದೋ ಬೇಡವೋ ಎಂದು ಚಾರ್ಟಿನ ದಾರಿ ನೋಡುತ್ತ ಕೂರಬೇಕಿತ್ತು. 2025ರಿಂದ ಚಾರ್ಟ್ ಮೊದಲಿಗಿಂತ ಬೇಗ ಬರುವುದರಿಂದ ಆ ಪೇಚಾಟ ಈಗ ಕಡಿಮೆ.

ಟಿಕೆಟ್ ಕೈಗೆ ಬಂತೋ, ಆಮೇಲೆ ಪಂಚಗಂಗಾ ನೆಮ್ಮದಿಯ ರೈಲು. ಮೊದಲೆಲ್ಲ ಕಾರವಾರದ ಬೋಗಿಗಳು ಕಣ್ಣೂರಿನ ರೈಲಿನ ಜೊತೆ ಮಂಗಳೂರು ಸೆಂಟ್ರಲ್‌ವರೆಗೆ ಹೋಗಿ, ಅಲ್ಲಿ ಬಿಚ್ಚಿ, ಎಂಜಿನ್ ತಿರುಗಿಸಿ ಹೊರಡುವಷ್ಟರಲ್ಲಿ ತಾಸುಗಟ್ಟಲೆ ಹೋಗುತ್ತಿತ್ತು. ಇದು 2020ರಲ್ಲಿ ಶುರುವಾದಾಗಿನಿಂದ ಮಂಗಳೂರಿನ ಒಳಗೆ ಹೋಗದೆ ಪಡೀಲಿನಲ್ಲೇ ತಿರುಗಿ ಘಟ್ಟ ಹತ್ತುತ್ತದೆ. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ಹಳಿ 2017ರಲ್ಲೇ ಆಗಿತ್ತಲ್ಲ, ಅದೂ ಕೂಡಿಬಂತು. ಸಂಜೆ ಕಾರವಾರ ಬಿಟ್ಟದ್ದು ಹದಿಮೂರು ತಾಸಿನ ಆಸುಪಾಸಿಗೆ ಬೆಂಗಳೂರು.

ಕುಮಟೆಯಲ್ಲಿ ನಿಲ್ಲುವುದು ನಿಮಿಷಗಳ ಲೆಕ್ಕ. ವಯಸ್ಸಾದವರು ಜೊತೆಗಿದ್ದರೆ ಬೋಗಿ ಎಲ್ಲಿ ಬರುತ್ತದೆಂದು ಮೊದಲೇ ಕೇಳಿಟ್ಟುಕೊಂಡು ಅಲ್ಲೇ ನಿಂತಿರಬೇಕು. ಆಯಿಯದು ಒಂದು ಚೀಲ ಬಟ್ಟೆಗೆ, ಒಂದು ಚೀಲ ಅಪ್ಪೆಮಿಡಿ ಭರಣಿಗೆ. ಭರಣಿ ಮೊದಲು ಹತ್ತಬೇಕು, ಆಮೇಲೆ ತಾನು. ಹತ್ತಿ ಕೂತು ಹೊನ್ನಾವರದ ಶರಾವತಿ ಸೇತುವೆ ದಾಟುವಷ್ಟರಲ್ಲಿ ಬುತ್ತಿ ಬಿಚ್ಚಿ ಆಗಿರುತ್ತದೆ. ನಡುರಾತ್ರಿಯ ಹೊತ್ತಿಗೆ ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದಿನಿಂದ 'ಡುಂ' ಅಂತ ಒಂದು ತಾಗು. ಘಟ್ಟ ಹತ್ತಿಸಲು ಬ್ಯಾಂಕರ್ ಎಂಜಿನ್ ಬಂದು ಸೇರಿಕೊಂಡಿತು ಅಂತ ಅರ್ಥ. ಅಲ್ಲಿಂದ ಸಕಲೇಶಪುರಕ್ಕೆ 55 ಕಿ.ಮೀ, 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರಿನ ಏರು. ವೇಗ 30ರ ಆಸುಪಾಸು. ಕಿಟಕಿ ತೆರೆದಿದ್ದರೆ ಸುರಂಗದೊಳಗೆ ಹೋದಾಗ ಸದ್ದು ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ, ಹೊರಗೆ ಬಂದರೆ ಜೀರುಂಡೆ. ನಿದ್ದೆಗೆಟ್ಟರೂ ಬೇಸರವಾಗುವ ಜಾಗವಲ್ಲ.

ರೈಲು ಎಷ್ಟು ಪಕ್ಕಾ ಎಂಬುದಕ್ಕೆ ಈ ಘಟ್ಟವೇ ಸಾಕ್ಷಿ, ಎರಡೂ ಕಡೆಗೆ. 2025ರಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆಂದು ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗಲೂ ರಾತ್ರಿಯವು ಓಡಿದವು. ಆದರೆ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿದಾಗ ಹಲವು ದಿನ ಈ ದಾರಿಗೆ ರೈಲೇ ಇಲ್ಲ. 2018ರ ಆಗಸ್ಟಿನ ಮಳೆಯಲ್ಲೂ ಇದೇ ಘಟ್ಟ ಕುಸಿದು ಸಂಚಾರ ನಿಂತಿತ್ತು. ರೈಲು ತಡವಾಗುವುದು ಕಡಿಮೆ, ತಪ್ಪಿದರೆ ಪೂರ್ತಿ ತಪ್ಪುತ್ತದೆ. ಕೊಂಕಣ ರೈಲ್ವೆಯವರು ಜೂನಿನಿಂದ ಅಕ್ಟೋಬರಿನವರೆಗೆ ಮಳೆಗಾಲದ ವೇಳಾಪಟ್ಟಿಯನ್ನೇ ಬೇರೆ ಮಾಡಿ ವೇಗ ಇಳಿಸುತ್ತಾರೆ. ಗುಡ್ಡದ ಜೊತೆ ಜಿದ್ದಿಗೆ ಬೀಳುವುದಕ್ಕಿಂತ ಅದೇ ಒಳ್ಳೆಯದು. ಬೇಸಿಗೆಯ ಸಮಯ ತಲೆಯಲ್ಲಿಟ್ಟುಕೊಂಡು ಹೊರಡಬೇಡಿ, ಅಷ್ಟೇ.

ಇನ್ನು ತಾಳಗುಪ್ಪ. ಶಿರಸಿಯಿಂದ ಐವತ್ತು ಚಿಲ್ಲರೆ ಕಿಲೋಮೀಟರು, ಘಟ್ಟ ಇಳಿಯುವ ಕೆಲಸವಿಲ್ಲ. ಈ ರೈಲಿಗೆ ಸಕಲೇಶಪುರದ ಕಾಟವೂ ಇಲ್ಲ. ಸಾಗರ, ಶಿವಮೊಗ್ಗ, ಭದ್ರಾವತಿ, ಬೀರೂರು, ಅರಸೀಕೆರೆ, ತುಮಕೂರು ಅಂತ ಮೇಲೆ ಮೇಲೆಯೇ ಹೋಗುತ್ತದೆ. ಮಳೆಗಾಲದಲ್ಲಿ ನಾನು ಕಣ್ಣು ಮುಚ್ಚಿ ಇದನ್ನೇ ಹಿಡಿಯುವುದು. ಹೊರಡುವ ಸ್ಟೇಷನ್ ಇದೇ ಆದ್ದರಿಂದ ರೈಲು ಮೊದಲೇ ಬಂದು ನಿಂತಿರುತ್ತದೆ. ಆಯಿ ಆರಾಮಾಗಿ ಹತ್ತಿ, ಹಾಸಿ, ಕಾಲು ನೀಡುವಷ್ಟು ಸಮಯವಿರುತ್ತದೆ. ತಾಳಗುಪ್ಪದಲ್ಲಿ ಅರ್ಧ ಖಾಲಿ ಕಂಡು ಮೋಸ ಹೋಗಬೇಡಿ, ಸಾಗರದಲ್ಲಿ ಒಂದಿಷ್ಟು, ಶಿವಮೊಗ್ಗದಲ್ಲಿ ಉಳಿದದ್ದೆಲ್ಲ ತುಂಬುತ್ತದೆ. ಆದರೂ ಶಿವಮೊಗ್ಗದವರಿಗೆ ಬೇರೆ ರೈಲುಗಳೂ ಇರುವುದರಿಂದ ಪಂಚಗಂಗಾದಷ್ಟು ಹೊಡೆದಾಟ ನಾನು ಇಲ್ಲಿ ಕಂಡಿಲ್ಲ.

ಇದರ ತೊಂದರೆ ಬೆಳಗಿನ ಜಾವದ್ದು. ಬೆಂಗಳೂರು ಇದರ ಕೊನೆಯ ನಿಲ್ದಾಣವಲ್ಲ. ಕತ್ತಲಿರುವಾಗಲೇ ಬಂದು, ನಿಂತು, ಮೈಸೂರಿಗೆ ಹೊರಟುಬಿಡುತ್ತದೆ. ಅಲಾರಂ ಇಡದವರು ಕೆಂಗೇರಿ, ರಾಮನಗರ ನೋಡಿ ಬರುತ್ತಾರೆ. ಒಮ್ಮೆ ಎದುರಿನ ಬರ್ತಿನ ಸಾಗರದ ಯಜಮಾನರೊಬ್ಬರು ತುಮಕೂರು ದಾಟಿದಾಗಿನಿಂದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಮಲಗಿ ಮಾರಾಯ್ರೆ, ಇನ್ನೂ ಹೊತ್ತದೆ" ಅಂದರೆ, "ನೀವು ಮಲಗಿ, ನಾ ಏಳಿಸ್ತೆ" ಅಂದರು. ಇಳಿದ ಮೇಲೆ ಡಾಕ್ಟರ ಹೊತ್ತಿನವರೆಗೆ ಎಲ್ಲಿರುವುದು ಎಂಬ ಪ್ರಶ್ನೆ ಬೇರೆ. ನೆಂಟರ ಮನೆ ಇದ್ದವರಿಗೆ ಸೈ, ಇಲ್ಲದವರಿಗೆ ವೇಟಿಂಗ್ ರೂಮೇ ಗತಿ.

ಬಸ್ಸಿನ ದೊಡ್ಡ ಗುಣ, ಅದು ನಮ್ಮೂರಿನದು. ರಾತ್ರಿ ಊಟ ಮುಗಿಸಿ ಹೊರಟರೂ ನಡೆಯುತ್ತದೆ. ಸರ್ಕಾರಿ ಇದೆ, ಖಾಸಗಿ ಇದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದು, ಅದೂ ಇಲ್ಲವೆಂದರೆ ಹಬ್ಬಕ್ಕೆ ಹೆಚ್ಚುವರಿ ಬಿಡುತ್ತಾರೆ. ರೈಲಿಗೆ ಹಾಗೆ ಸಂಜೆ ಮನಸ್ಸು ಮಾಡಿ ಒಂದು ಬೋಗಿ ಸೇರಿಸುವವರಿಲ್ಲ. ಸೀಟಿನ ವಿಷಯದಲ್ಲಿ ಬಸ್ಸು ನನ್ನನ್ನು ಕೈಬಿಟ್ಟದ್ದೇ ಇಲ್ಲ ಎನ್ನಬೇಕು. ಹಣದ ಮಾತು ಬೇರೆ. ಮಾಮೂಲಿ ದಿನದಲ್ಲೇ ರೈಲಿನ ಸ್ಲೀಪರ್ ದರ ಸ್ಲೀಪರ್ ಬಸ್ಸಿನ ಅರ್ಧಕ್ಕಿಂತ ಕಡಿಮೆ. ಚೌತಿ, ದೀಪಾವಳಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆ ಅಂದರೆ ಖಾಸಗಿಯವರ ದರಕ್ಕೆ ಲಂಗುಲಗಾಮಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ ಬಸ್ಸನ್ನು ನಂಬಿ ಬೆಳಿಗ್ಗೆ ಎಂಟಕ್ಕೆ ಯಾರಿಗೂ ಅಪಾಯಿಂಟ್‌ಮೆಂಟ್ ಕೊಡಬೇಡಿ. ರಾತ್ರಿಯಿಡೀ ಚೆನ್ನಾಗಿ ಓಡಿದ ಬಸ್ಸು ನೆಲಮಂಗಲ ದಾಟಿ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡಿತೆಂದರೆ ಮುಗಿಯಿತು. ಬರುವಾಗಲೂ ಹಾಗೆಯೇ, ಮೆಜೆಸ್ಟಿಕ್ಕಿನಲ್ಲಿ ಹತ್ತಿದವನು ಊರು ಬಿಡುವಷ್ಟರಲ್ಲಿ ಒಂದು ನಿದ್ದೆ ಆಗಿರುತ್ತದೆ. ಒಂದು ಖಾಸಗಿ ಬಸ್ಸಿನಲ್ಲಿ ನಡುರಾತ್ರಿ ಎಸಿ ಕೈಕೊಟ್ಟಿತು. ಗಾಜು ತೆರೆಯುವ ಹಾಗಿಲ್ಲ, ಒಳಗೆ ಬೆವರಿನ ವಾಸನೆ. ಕ್ಲೀನರನನ್ನು ಕೇಳಿದರೆ "ಸರ್, ಬಾಗ್ಲು ತೆಗೆದಿಟ್ಟೀನಲ್ಲ" ಅಂದ. ಆ ರಾತ್ರಿಯ ಮೇಲೆ ಆಯಿಯದು ಒಂದೇ ಪಟ್ಟು: "ಯಂಗೆ ಆ ಬಸ್ಸು ಬ್ಯಾಡ ತಮಾ, ಸೊಂಟ ಹೋಗ್ತು." ಅವಳ ಮಾತಿನಲ್ಲಿ ಇನ್ನೊಂದು ಕಾರಣ ಅಡಗಿದೆ, ಬಾಯಿಬಿಟ್ಟು ಹೇಳುವುದಿಲ್ಲ. ಬಸ್ಸಿನಲ್ಲಿ ಶೌಚಾಲಯವಿಲ್ಲ. ಸಕ್ಕರೆ ಕಾಯಿಲೆಯವರು, ವಯಸ್ಸಾದ ಹೆಂಗಸರು ಸಂಜೆಯಿಂದಲೇ ನೀರು ಬಿಟ್ಟು ಕೂರುವುದನ್ನು ನೋಡಿದ್ದೇನೆ. ಅವರ ಮಟ್ಟಿಗೆ ಬಸ್ಸೋ ರೈಲೋ ಎಂಬ ಚರ್ಚೆ ಅಲ್ಲಿಗೇ ಮುಗಿಯಿತು.

ಮಳೆಗಾಲದಲ್ಲಿ ರಸ್ತೆಯೇನೂ ರೈಲಿಗಿಂತ ಮೇಲಲ್ಲ. ಅದೇ 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು ಜೀವಗಳೇ ಹೋದವು. ದೇವಿಮನೆ ಘಟ್ಟದಲ್ಲೂ ಮಣ್ಣು ಬೀಳುವುದು ಹೊಸತಲ್ಲ. ಹಾಗಾಗಿ ಮಳೆ ಹಿಡಿದ ಮೇಲೆ ಕುಮಟೆಗೆ ಹೋಗಿ ಪಂಚಗಂಗಾ ಹತ್ತುವುದೆಂದರೆ ಒಂದೇ ರಾತ್ರಿಗೆ ಎರಡು ಘಟ್ಟವನ್ನು ನಂಬಿದ ಹಾಗೆ. ಅಂಕೋಲಾ, ಕುಮಟೆಯವರಿಗೆ ಒಂದೇ ಘಟ್ಟ. ಅವರ ಲೆಕ್ಕ ಬೇರೆ, ಅವರು ನನ್ನ ಮಾತು ಕೇಳಿ ತಾಳಗುಪ್ಪಕ್ಕೆ ಹೊರಡಬೇಕಾಗಿಲ್ಲ.

ನಾನೀಗ ಮಾಡುವುದು ಹೀಗೆ. ದೀಪಾವಳಿಯಿಂದ ಮೇ ಕೊನೆಯವರೆಗೆ ಆಯಿ ಜೊತೆಗಿದ್ದರೆ ಪಂಚಗಂಗಾ, ಬೆಳಕು ಹರಿದ ಮೇಲೆ ಇಳಿಯುವ ಸುಖಕ್ಕಾಗಿ. ಜೂನಿನಿಂದ ತಾಳಗುಪ್ಪ. ಒಬ್ಬನೇ ಹೊರಟರೆ, ಅದೂ ನಾಳೆಯೇ ಎಂದಾದರೆ, ತತ್ಕಾಲ್ ಹಿಂದೆ ಬೀಳದೆ ಸರ್ಕಾರಿ ಸ್ಲೀಪರ್ ಬಸ್ಸು. ಆಯಿಯ ಟಿಕೆಟ್ಟನ್ನು ಮಾತ್ರ ನನ್ನ ಜೊತೆ ಸೇರಿಸುವುದಿಲ್ಲ, ಬೇರೆ ಪಿಎನ್‌ಆರ್‌ನಲ್ಲಿ ಮಾಡುತ್ತೇನೆ. ಕೆಳಗಿನ ಬರ್ತಿನ ಕೋಟಾ ಇರುವುದು 60 ದಾಟಿದವರಿಗೆ, 45 ದಾಟಿದ ಹೆಂಗಸರಿಗೆ, ಅದೂ ಒಬ್ಬರೇ ಅಥವಾ ಅಂಥವರು ಇಬ್ಬರೇ ಇದ್ದಾಗ. ಪ್ರಾಯದ ಮಗನ ಹೆಸರು ಅದೇ ಟಿಕೆಟ್ಟಿನಲ್ಲಿ ಸೇರಿತೋ, ಕೋಟಾ ಹೋಯಿತು.