ಚೀಟಿ ಇಲ್ಲದೆ ಗುಳಿಗಿ ಕೊಡದ ಅಂಗಡಿ

ರಾಯಚೂರಿನ ತೀನ್ ಕಂದೀಲ್ ಹತ್ರದ ಈ ಮೆಡಿಕಲ್ ಅಂಗಡಿಗೆ ನಾಲ್ಕು ವರ್ಷದಿಂದ ಹೋಗ್ತೀನಿ. ಮೊದಲ ಸಲ ಸಿಟ್ಟು ಬಂದಿತ್ತು. ಮಗನಿಗೆ ಜ್ವರ, ಸೆಫಿಕ್ಸಿಮ್ ಅನ್ನೋ ಆಂಟಿಬಯೋಟಿಕ್ ಕೇಳಿದೆ. "ಡಾಕ್ಟರ್ ಚೀಟಿ ಬೇಕ್ರಿ ಅಕ್ಕಾರ" ಅಂದ್ರು. ಅದು ಶೆಡ್ಯೂಲ್ ಎಚ್1 ಔಷಧಿ, ಅಂದ್ರೆ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ ಮಾಡಿದ ಪಟ್ಟಿಯಲ್ಲಿರೋದು. ಡಾಕ್ಟರ್ ಹೆಸರು, ರೋಗಿ ಹೆಸರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. 2014ರಿಂದಲೇ ಈ ನಿಯಮ ಇದೆ.

ಅತ್ತೆ ತೀರಿಕೊಂಡ ಮೇಲೆ ಬಿಸ್ಕೀಟ್ ಡಬ್ಬಿ ತುಂಬ ಗುಳಿಗಿ ಉಳಿದಿದ್ದವು. ಮೋರಿಗೆ ಸುರಿಯೋಣ ಅಂದ್ಕೊಂಡಿದ್ದೆ. ಅಂಗಡಿಯವರು ತಡೆದು ಪಟಾನ್‌ಚೆರು ವಿಷಯ ಹೇಳಿದ್ರು. ಹೈದರಾಬಾದ್ ಪಕ್ಕದ ಆ ಊರಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರು ಶುದ್ಧ ಮಾಡೋ ಘಟಕ ಇದೆ. ಅಲ್ಲಿಂದ ಹೊರಬಿಟ್ಟ ನೀರಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿದ್ದನ್ನು ಸ್ವೀಡನ್ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಗುಳಿಗಿ ನುಂಗಿದವರ ರಕ್ತದಲ್ಲೂ ಅಷ್ಟಿರೋದಿಲ್ಲ! ಅಂಥ ನೀರಲ್ಲಿ ಬದುಕಿ ಉಳಿದ ರೋಗಾಣುವಿಗೆ ಆಮೇಲೆ ನಮ್ಮ ಔಷಧಿ ನಾಟೋದಿಲ್ಲ. ಮನೆಯ ಡಬ್ಬಿ ಕಾರ್ಖಾನೆಯಷ್ಟು ದೊಡ್ಡದಲ್ಲ, ನಿಜ. ಆದ್ರೆ ನಾವು ಕುಡಿಯೋದು ಕೃಷ್ಣಾ, ತುಂಗಭದ್ರಾ ನೀರು. ನನ್ನ ಮಕ್ಕಳು ಕುಡಿಯೋ ನೀರು. ಎದೆ ಝಲ್ಲೆಂದಿತು.

ಡಬ್ಬಿ ಅವರೇ ಇಸ್ಕೊಂಡು, ಅವಧಿ ಮುಗಿದ ತಮ್ಮ ಮಾಲಿನ ಜೊತೆ ಸುಡೋ ಘಟಕಕ್ಕೆ ಕಳಿಸ್ತೀವಿ ಅಂದ್ರು. ಒಂದು ರೂಪಾಯಿ ಕೇಳಲಿಲ್ಲ.

ಸಂಜೆ ಹೊತ್ತು ನಿಲ್ಲೋಕೂ ಜಾಗ ಇರಲ್ಲ, ಗಾಡಿ ದೂರ ನಿಲ್ಲಿಸಬೇಕು. ಹಳೇ ಗುಳಿಗಿ ವಾಪಸ್ ತಗೋತೀವಿ ಅಂತ ಒಂದು ಬೋರ್ಡೂ ಇಲ್ಲ. ದೊಡ್ಡ ಅಕ್ಷರದಲ್ಲಿ ಬರೆಸ್ರಿ ಅಂತ ಮೊನ್ನೆನೂ ಹೇಳಿ ಬಂದೀನಿ.