ಕಾರ್ಬನ್ ಚಕ್ರವೋ, ಅಲಾಯ್ ಚಕ್ರವೋ: ಬೆಂಗಳೂರಿನ ರಸ್ತೆಗಳಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಮೊದಲು ಲೆಕ್ಕ. ರಸ್ತೆ ಸೈಕಲ್‌ಗೆ ಎರಡು ಜೊತೆ ಚಕ್ರ: ಒಂದರ ರಿಮ್ ಅಲ್ಯೂಮಿನಿಯಂ ಅಲಾಯ್, ಇನ್ನೊಂದರದು ಕಾರ್ಬನ್ ನಾರಿನದು. ಅಲಾಯ್ ಜೊತೆಯ ರಿಮ್ ಎತ್ತರ 24 ಮಿ.ಮೀ., ಒಳಗಲ 19 ಮಿ.ಮೀ. ಟೇಪ್, ವಾಲ್ವ್ ಸೇರಿ ತಕ್ಕಡಿಯಲ್ಲಿ 1,790 ಗ್ರಾಂ. ಕಾರ್ಬನ್ ಜೊತೆಯ ಎತ್ತರ 40 ಮಿ.ಮೀ., ಒಳಗಲ 21 ಮಿ.ಮೀ., ತೂಕ 1,450 ಗ್ರಾಂ. ಎರಡೂ ಡಿಸ್ಕ್ ಬ್ರೇಕ್‌ನವು (ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಬ್ರೇಕ್), ಎರಡರಲ್ಲೂ ಮುಂದೆ 24, ಹಿಂದೆ 24 ಸ್ಪೋಕ್, ಎರಡಕ್ಕೂ ಒಂದೇ ಮಾದರಿಯ 28 ಮಿ.ಮೀ. ಟೈರ್. ಓಡಿದ್ದು ವಾರದ ದಿನಗಳಲ್ಲಿ ನಗರದೊಳಗೆ, ಭಾನುವಾರ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿ, ನಂದಿ ಬೆಟ್ಟ, ಇಲ್ಲವೇ ಕನಕಪುರ ರಸ್ತೆಯ ಕಡೆ.

ನಿಮ್ಮ ಸೈಕಲ್‌ನದು ರಿಮ್ ಬ್ರೇಕ್ (ಪ್ಯಾಡ್ ರಿಮ್‌ನ ಪಕ್ಕದ ಪಟ್ಟಿಯನ್ನೇ ಒತ್ತಿ ಹಿಡಿಯುವಂಥದು) ಆಗಿದ್ದರೆ ಅಲಾಯ್ ತಗೊಳ್ಳಿ, ಬೇರೆ ಯೋಚನೆ ಬೇಡ. ಕಾರಣ ನಂದಿಯ ಇಳಿಜಾರು. ಸುಮಾರು 8 ಕಿ.ಮೀ. ರಸ್ತೆ, 400 ಮೀಟರ್ ಮೇಲ್ಪಟ್ಟ ಇಳಿತ, ತಿರುವಿನ ಮೇಲೆ ತಿರುವು. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂದರೂ ಮೇಲಿಂದ ಕೆಳಗೆ ಬರುವಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದರಲ್ಲಿ ಒಂದು ಪಾಲನ್ನು ಗಾಳಿ ತಿನ್ನುತ್ತದೆ, ಉಳಿದದ್ದೆಲ್ಲ ಬ್ರೇಕಿಗೆ. ಅಲಾಯ್ ರಿಮ್ ಬಿಸಿಯನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ರಿಮ್‌ನಲ್ಲಿ ಅದು ಬ್ರೇಕ್ ಪಟ್ಟಿಯಲ್ಲೇ ನಿಂತು, ನಾರುಗಳನ್ನು ಹಿಡಿದಿಟ್ಟಿರುವ ರೆಸಿನ್ ಮೆತ್ತಗಾಗುತ್ತದೆ. ಒಳಗಿನಿಂದ ಟೈರ್ ಒತ್ತುತ್ತಿರುವುದರಿಂದ ರಿಮ್ ಗೋಡೆ ಹೊರಕ್ಕೆ ಉಬ್ಬುತ್ತದೆ. ಹೆದರಿ ಬ್ರೇಕನ್ನು ಸದಾ ಅರ್ಧ ಹಿಡಿದೇ ಇಳಿಯುವ ಹೊಸಬರಿಗೆ ಈ ಅಪಾಯ ಇನ್ನೂ ಹೆಚ್ಚು. ಮಳೆಯಲ್ಲಂತೂ ಕಾರ್ಬನ್ ಪಟ್ಟಿಯ ಹಿಡಿತ ತಡವಾಗಿ ಬರುತ್ತದೆ. ಈಗಾಗಲೇ ಅಂಥ ಚಕ್ರ ಇಟ್ಟುಕೊಂಡವರು ಕಾರ್ಬನ್‌ಗೆಂದೇ ಮಾಡಿದ ಪ್ಯಾಡ್ ಮಾತ್ರ ಹಾಕಿ. ಅಲಾಯ್ ರಿಮ್ ಮೇಲೆ ಓಡಿದ ಪ್ಯಾಡ್‌ನಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತದೆ, ಅದು ಕಾರ್ಬನ್ ಪಟ್ಟಿಯನ್ನು ಗೀರಿಬಿಡುತ್ತದೆ. ಅಲಾಯ್ ರಿಮ್ ಕೂಡ ಸವೆಯುತ್ತದೆ. ಬ್ರೇಕ್ ಪಟ್ಟಿಯ ಮೇಲಿನ ಸಣ್ಣ ಗುಳಿ ಅಥವಾ ಗೆರೆ ಅಳಿಸಿಹೋದ ದಿನ ಆ ರಿಮ್‌ನ ಆಯುಷ್ಯ ಮುಗಿಯಿತು.

ಡಿಸ್ಕ್ ಬ್ರೇಕ್ ಇದ್ದವರಿಗೆ ಈ ಚಿಂತೆಯಿಲ್ಲ. ಹಾಗಾಗಿ ನಿಜವಾದ ಆಯ್ಕೆ ಇರುವುದೂ ಅವರಿಗೇ.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೈಯಲ್ಲಿ ಎತ್ತಿ ನೋಡುವುದು ತೂಕವನ್ನು. 340 ಗ್ರಾಂ ವ್ಯತ್ಯಾಸ ಕೈಗೆ ದೊಡ್ಡದೆನಿಸುತ್ತದೆ. 80 ಕೆ.ಜಿ.ಯಲ್ಲಿ ಅದು ಶೇ. 0.4ರ ಆಸುಪಾಸು. ನಂದಿ ಹತ್ತಲು 30 ನಿಮಿಷ ಹಿಡಿಯುವ ಸವಾರನಿಗೆ ಉಳಿಯುವುದು ಆರೇಳು ಸೆಕೆಂಡ್. ಒಂದು ಬಾಟಲಿ ನೀರನ್ನು ಅರ್ಧ ಕುಡಿದು ಹತ್ತಿದರೂ ಹತ್ತಿರ ಹತ್ತಿರ ಅಷ್ಟೇ ಉಳಿಯುತ್ತದೆ. ತಿರುಗುವ ತೂಕ ಎರಡರಷ್ಟು ಭಾರ ಎಂಬ ಮಾತು ವೇಗ ಏರಿಸುವಾಗ ಮಾತ್ರ ಹೆಚ್ಚುಕಡಿಮೆ ನಿಜ, ಒಂದೇ ವೇಗದಲ್ಲಿ ಹೋಗುವಾಗ ಅದಕ್ಕೆ ಅರ್ಥವಿಲ್ಲ. ಸಿಗ್ನಲ್ ಬಿಟ್ಟ ಕೂಡಲೇ ಪೆಡಲ್ ಒತ್ತಿದಾಗಲೂ ಒಟ್ಟು ಲೆಕ್ಕ ಶೇ. 1 ದಾಟುವುದಿಲ್ಲ. ತೂಕಕ್ಕಾಗಿ ಕಾರ್ಬನ್ ಕೊಳ್ಳುವವರು ಹಣ ಕೊಡುತ್ತಿರುವುದು ತಪ್ಪು ಕಾರಣಕ್ಕೆ.

ಕಾರ್ಬನ್‌ನ ನಿಜವಾದ ಲಾಭ ರಿಮ್‌ನ ಎತ್ತರದಲ್ಲಿದೆ. ಅಲಾಯ್‌ನಲ್ಲಿ 40 ಮಿ.ಮೀ. ಎತ್ತರ ಮಾಡಿದರೆ ಚಕ್ರ ಕಬ್ಬಿಣದ ಗುಂಡಾಗುತ್ತದೆ, ಕಾರ್ಬನ್‌ನಲ್ಲಿ ಆಗುವುದಿಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಿಗುವ ಉಳಿತಾಯ 18ಕ್ಕೆ ಇಳಿದರೆ ಎಂಟನೇ ಒಂದು ಭಾಗ. ಹೆಬ್ಬಾಳ ದಾಟಿ, ರಸ್ತೆ ಬಿಡುವಾಗಿ, 34-35ರಲ್ಲಿ ಗಂಟೆಗಟ್ಟಲೆ ಓಡಿದಾಗ ಕೆಲವು ವ್ಯಾಟ್ ಉಳಿಯುತ್ತದೆ, ಕಾಲಿಗೂ ಅದು ಗೊತ್ತಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯ ಕಡೆ ಹೊರಟವರಿಗೆ ಅದೇ ಚಕ್ರ ಏನನ್ನೂ ಕೊಡುವುದಿಲ್ಲ.

ಎತ್ತರದ ರಿಮ್ ಕೇಳುವ ಬೆಲೆ ಆಷಾಢದಲ್ಲಿ ತಿಳಿಯುತ್ತದೆ. ಜುಲೈ ತಿಂಗಳ ಗಾಳಿ ಪಡುವಣದಿಂದ ಬೀಸುತ್ತದೆ, ಬಳ್ಳಾರಿ ರಸ್ತೆ ಬಡಗಣಕ್ಕೆ ಹೋಗುತ್ತದೆ. ಅಂದರೆ ಹೋಗುವಾಗಲೂ ಬರುವಾಗಲೂ ಅಡ್ಡಗಾಳಿ. ಕಷ್ಟ ಇರುವುದು ವಾಪಸ್ ಬರುವಾಗ. ಗಾಳಿ ಬಲಗಡೆಯಿಂದ, ಹಿಂದಿನಿಂದ ಬರುವ ಲಾರಿಯೂ ಬಲಗಡೆಯಿಂದಲೇ. ಲಾರಿ ಪಕ್ಕಕ್ಕೆ ಬಂದ ಕೂಡಲೇ ಗಾಳಿ ನಿಂತುಬಿಡುತ್ತದೆ. ಗಾಳಿಗೆ ಎದುರಾಗಿ ಬಲಕ್ಕೆ ವಾಲಿಕೊಂಡಿದ್ದ ಸೈಕಲ್ ಲಾರಿಯ ಕಡೆಗೇ ಸರಿಯುತ್ತದೆ. ಲಾರಿ ದಾಟಿದ ಮರುಕ್ಷಣ ಗಾಳಿ ಒಮ್ಮೆಲೇ ಬಡಿದು ಎಡಕ್ಕೆ ತಳ್ಳುತ್ತದೆ. 40 ಮಿ.ಮೀ. ಮುಂಚಕ್ರದಲ್ಲಿ ಇದನ್ನು ಸಂಭಾಳಿಸಬಹುದು: ಕೈ ಡ್ರಾಪ್ಸ್ (ಹ್ಯಾಂಡಲ್‌ನ ಕೆಳಬಾಗು) ಮೇಲಿರಲಿ, ಮೊಣಕೈ ಸಡಿಲವಿರಲಿ, ಹ್ಯಾಂಡಲ್ ಬಿಗಿಹಿಡಿಯಬೇಡಿ. 50 ಮಿ.ಮೀ. ಮತ್ತು ಮೇಲೆ, ಅದರಲ್ಲೂ 60 ಕೆ.ಜಿ. ಒಳಗಿನ ಸವಾರರಿಗೆ, ಈ ರಸ್ತೆಗೆ ಬೇಡವೇ ಬೇಡ. ಎತ್ತರ ಬೇಕೇ ಬೇಕೆನ್ನುವವರು ಹಿಂದೆ 50 ಹಾಕಿ ಮುಂದೆ 35ಕ್ಕೆ ನಿಲ್ಲಿಸಲಿ. ಸೈಕಲನ್ನು ತಿರುಗಿಸಲು ನೋಡುವುದು ಮುಂಚಕ್ರಕ್ಕೆ ತಾಗುವ ಗಾಳಿ.

ಇನ್ನು ಗುಂಡಿ. ವೈಟ್ ಟಾಪಿಂಗ್‌ನ ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗುವಲ್ಲಿ ಮೆಟ್ಟಿಲಿನಂಥ ಅಂಚು, ರಸ್ತೆ ಮಟ್ಟಕ್ಕಿಂತ ಕೆಳಗೆ ಕುಸಿದ ಮ್ಯಾನ್‌ಹೋಲ್ ಮುಚ್ಚಳ, ಬಣ್ಣ ಬಳಿಯದ ಹಂಪ್, ಮಳೆನೀರು ತುಂಬಿ ಆಳ ಕಾಣದ ಗುಂಡಿ. ಏಟು ಬಿದ್ದರೆ ಅಲಾಯ್ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಂಚಿನಲ್ಲಿ ಸಣ್ಣ ತಗ್ಗಾದರೆ ಬಟ್ಟೆ ಸುತ್ತಿದ ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ಎತ್ತಬಹುದು. ಚಕ್ರ ಓಲಾಡಿದರೆ ಬಡಾವಣೆಯ ಸೈಕಲ್ ಅಂಗಡಿಯಲ್ಲೂ ಬೆಂಡ್ ತೆಗೆದುಕೊಡುತ್ತಾರೆ. ಸ್ಪೋಕ್ ರಂಧ್ರದ ಸುತ್ತ ಬಿರುಕು ಕಂಡರೆ ಮಾತ್ರ ಮುಗಿಯಿತು. ಕಾರ್ಬನ್ ಬಾಗುವುದಿಲ್ಲ. ಏಟನ್ನು ತಡೆದುಕೊಳ್ಳುತ್ತದೆ, ಇಲ್ಲವೇ ಬಿರಿಯುತ್ತದೆ, ಬಿರಿದದ್ದು ಎಷ್ಟೋ ಸಲ ಬಣ್ಣದ ಅಡಿಯಲ್ಲಿ ಅಡಗಿರುತ್ತದೆ. ಜೋರಾಗಿ ಏಟು ಬಿದ್ದ ದಿನ ಮನೆಗೆ ಬಂದು ಟೈರ್ ಬಿಚ್ಚಲೇಬೇಕು. ಪ್ಲಾಸ್ಟಿಕ್ ಲಿವರ್ ಮಾತ್ರ ಬಳಸಿ. ಟಾರ್ಚ್ ಅನ್ನು ಓರೆಯಾಗಿ ಹಿಡಿದು ಒಳ ಅಂಚಿನಲ್ಲಿ, ಸ್ಪೋಕ್ ರಂಧ್ರಗಳ ಸುತ್ತ ಕೂದಲೆಳೆಯ ಗೆರೆ ಇದೆಯೇ ಹುಡುಕಿ. ಆಮೇಲೆ ಐದು ರೂಪಾಯಿ ನಾಣ್ಯದಿಂದ ಎರಡೆರಡು ಸೆಂ.ಮೀ.ಗೆ ತಟ್ಟುತ್ತಾ ಪೂರ್ತಿ ಸುತ್ತು ಬನ್ನಿ. ಗಟ್ಟಿ ಜಾಗ 'ಟಿಕ್' ಎನ್ನುತ್ತದೆ, ಪದರ ಬಿಟ್ಟ ಜಾಗ ಒದ್ದೆ ಹಲಗೆಯಂತೆ 'ಡಬ್' ಎನ್ನುತ್ತದೆ. ವಾಲ್ವ್ ಸುತ್ತ ಸದ್ದು ಸಹಜವಾಗಿಯೇ ಬೇರೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಸಾಲು ಸಾಲಾಗಿ ತಟ್ಟುವಾಗ ಒಂದೇ ಕಡೆ ದನಿ ಇಳಿದರೆ ಆ ರಿಮ್ ಮೇಲೆ ಮತ್ತೆ ರಸ್ತೆಗಿಳಿಯಬೇಡಿ. ಟ್ಯೂಬ್‌ಲೆಸ್ ಚಕ್ರದಲ್ಲಿ ಏಟಿನ ನಂತರ ರಾತ್ರಿ ಕಳೆಯುವಷ್ಟರಲ್ಲಿ ಗಾಳಿ ಇಳಿಯತೊಡಗಿದರೆ ಅದೂ ಒಂದು ಸೂಚನೆ.

ಮೂರು ಮಳೆಗಾಲದಲ್ಲಿ ಅಲಾಯ್ ರಿಮ್‌ಗೆ ಎರಡು ತಗ್ಗು, ಎರಡು ಸಲ ಬೆಂಡ್ ತೆಗೆಸಿದ್ದು. ಕಾರ್ಬನ್ ರಿಮ್ ಇವತ್ತಿಗೂ ನೇರ. ಇದನ್ನು ಕಾರ್ಬನ್ ಗಟ್ಟಿ ಎಂದು ಓದಬೇಡಿ, ಅದು ನಗರದ ಗುಂಡಿಗಳನ್ನು ಕಂಡಿದ್ದು ಕಡಿಮೆ.

ರಿಮ್ ಉಳಿಸುವುದು ಹೆಚ್ಚಾಗಿ ಟೈರ್. 70 ಕೆ.ಜಿ. ಸವಾರನಿಗೆ 28 ಮಿ.ಮೀ. ಟ್ಯೂಬ್‌ಲೆಸ್‌ನಲ್ಲಿ ಮುಂದೆ 62, ಹಿಂದೆ 66 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಚೆನ್ನಾಗಿ ಕೂರುತ್ತದೆ, ಟ್ಯೂಬ್ ಇದ್ದರೆ ಏಳೆಂಟು ಹೆಚ್ಚು. ಸಣ್ಣ ತೂತು ಮುಚ್ಚುವ ದ್ರವ ಸೀಲಂಟ್ ಪ್ರತಿ ಟೈರ್‌ಗೆ 30ರಿಂದ 40 ಮಿ.ಲೀ. ಹಾಕಿ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ. ಹುಕ್‌ಲೆಸ್ (ಟೈರ್ ಅಂಚನ್ನು ಹಿಡಿದಿಡುವ ಕೊಕ್ಕೆಯಿಲ್ಲದ) ಕಾರ್ಬನ್ ರಿಮ್ ಕೊಳ್ಳುವವರು ಒಂದು ಮಿತಿ ನೆನಪಿಡಿ: ಗರಿಷ್ಠ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರ್ ಮೇಲೆ ಹುಕ್‌ಲೆಸ್‌ಗೆ ಹೊಂದುತ್ತದೆ ಎಂದು ಬರೆದಿರಲೇಬೇಕು. ಅಗ್ಗದ ಪಂಪಿನ ಮುಳ್ಳು ಐದು ಪಿಎಸ್‌ಐ ತಪ್ಪು ತೋರಿಸುವುದು ಮಾಮೂಲಿ. 85 ಕೆ.ಜಿ. ಮೀರಿದವರು ಹುಕ್ ಇರುವ ರಿಮ್ ಆರಿಸಿ, ಅಥವಾ 32 ಮಿ.ಮೀ. ಟೈರ್‌ಗೆ ಹೋಗಿ.

ಸಣ್ಣ ಸಂಗತಿಗಳೇ ಹೆಚ್ಚು ಕಾಡುತ್ತವೆ. 40 ಮಿ.ಮೀ. ರಿಮ್‌ಗೆ 60 ಮಿ.ಮೀ. ವಾಲ್ವ್ ಬೇಕು, ಊರಾಚೆಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಚೀಲದಲ್ಲಿ ಎರಡು ಟ್ಯೂಬ್ ಇರಲಿ. ಕಾರ್ಬನ್ ರಿಮ್‌ಗೆ ಹಿತ್ತಾಳೆ ನಿಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ನಟ್) ಕೇಳಿ ಹಾಕಿಸಿ. ಅಲ್ಯೂಮಿನಿಯಂ ನಿಪಲ್ ತೇವದಲ್ಲಿ ಕಾರ್ಬನ್‌ಗೆ ತಾಗಿದರೆ ಕೊರೆದುಹೋಗುತ್ತದೆ, ಆಮೇಲೆ ಬೆಂಡ್ ತೆಗೆಯಲು ಹೊರಟರೆ ಪುಡಿಯಾಗುತ್ತದೆ. ಕೊಳ್ಳುವ ದಿನವೇ ಎಡ, ಬಲ ಎರಡೂ ಅಳತೆಯ ಸ್ಪೋಕ್ ಎರಡೆರಡು ಇಸಿದುಕೊಳ್ಳಿ. ಚಪ್ಪಟೆ, ನೇರ ತಲೆಯ ಸ್ಪೋಕ್ ಮುರಿದರೆ ಇಲ್ಲಿ ಹುಡುಕುವುದರಲ್ಲೇ ವಾರಗಳು ಹೋಗುತ್ತವೆ. ಕಾರಿನ ಹಿಂದೆ ಸೈಕಲ್ ಕಟ್ಟಿ ನಂದಿಯ ಬುಡಕ್ಕೆ ಒಯ್ಯುವವರು ಕಾರ್ಬನ್ ಚಕ್ರ ಸೈಲೆನ್ಸರ್‌ನ ನೇರಕ್ಕೆ ಬರದಂತೆ ನೋಡಿಕೊಳ್ಳಿ. ಆ ಬಿಸಿಗೆ ರಿಮ್ ಹಾಳಾಗುತ್ತದೆ, ವಾರಂಟಿಯೂ ಸಿಗುವುದಿಲ್ಲ.

ಒಂದೇ ಜೊತೆ ಇಟ್ಟುಕೊಂಡು ಆಫೀಸಿಗೂ ಭಾನುವಾರಕ್ಕೂ ಓಡಿಸುವವರಿಗೆ ನನ್ನ ಮತ ಅಲಾಯ್. ಆದರೆ ಸೈಕಲ್ ಜೊತೆ ಬಂದ ಎರಡು ಕೆ.ಜಿ. ಜೊತೆಯಲ್ಲ, 1,600 ಗ್ರಾಂ ಹತ್ತಿರದ, ಸುಲಭವಾಗಿ ಸಿಗುವ ಸ್ಪೋಕ್ ಹಾಕಿದ ಜೊತೆ. ಮಿಕ್ಕ ಹಣ ಒಳ್ಳೆಯ ಟೈರ್‌ಗೆ ಹೋಗಲಿ. ವಾರಕ್ಕೆ ನೂರು ಕಿ.ಮೀ. ಮೇಲೆ ಬಯಲು ರಸ್ತೆಯಲ್ಲಿ, 32ಕ್ಕಿಂತ ವೇಗವಾಗಿ ಓಡುವವರು, ನಗರಕ್ಕೆ ಬೇರೆ ಚಕ್ರ ಇರುವವರು 35-40 ಮಿ.ಮೀ. ಕಾರ್ಬನ್ ಧಾರಾಳವಾಗಿ ಕೊಳ್ಳಬಹುದು, ಕೊಟ್ಟ ದುಡ್ಡು ರಸ್ತೆಯಲ್ಲಿ ಸಿಗುತ್ತದೆ. ಎರಡು ಜೊತೆ ಇಟ್ಟರೆ ಎರಡಕ್ಕೂ ಬೇರೆ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಂಪು), ಬೇರೆ ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಹಾಕಿ. ಎರಡು ಕ್ಯಾಸೆಟ್ ಬೇರೆ ಬೇರೆ ಸವೆಯುತ್ತವೆ, ಚೈನ್ ಹಳತಾದರೆ ಕಡಿಮೆ ಸವೆದ ಕ್ಯಾಸೆಟ್‌ನ ಹಲ್ಲನ್ನೂ ಬೇಗ ತಿನ್ನುತ್ತದೆ. ಆದ್ದರಿಂದ ಚೈನ್ ಅಳತೆ ಶೇ. 0.5 ಹಿಗ್ಗು ತೋರಿಸಿದಾಗಲೇ ಬದಲಿಸಿ. ಹೊಸ ಚಕ್ರ ಯಾವುದಾದರೂ ಮೊದಲ 300 ಕಿ.ಮೀ. ಆದ ಮೇಲೆ ಸ್ಪೋಕ್ ಬಿಗಿತ ಒಮ್ಮೆ ನೋಡಿಸಿ, ಬಿಲ್ ಜೋಪಾನವಾಗಿಡಿ. ಏಟಿನಿಂದ ರಿಮ್ ಒಡೆದಾಗ ರಿಯಾಯಿತಿ ದರದಲ್ಲಿ ಬದಲಿ ಕೊಡುವ ಕಂಪನಿಗಳು ಮೊದಲು ಕೇಳುವುದು ಅದನ್ನೇ.