ಕೋಳಿ ಫೀಡಿಗೆ ಎಂಜೈಮ್ ಪೌಡರ್: ಫೈಟೇಸ್‌ಗೆ ಕೊಟ್ಟ ದುಡ್ಡು ಸಾರ್ಥಕ, ಕಾಕ್‌ಟೇಲ್‌ದು ಅನುಮಾನ

ಮುಸುಕಿನ ಜೋಳ, ಸೋಯಾ ಹಿಂಡಿ ತಂದು ಶೆಡ್ ಹತ್ತಿರಾನೇ ಫೀಡ್ ಮಿಕ್ಸ್ ಮಾಡಿಕೊಳ್ಳುವ ಬ್ರಾಯ್ಲರ್ ಸಾಕಣೆದಾರರಿಗೆ ಈ ರಿವ್ಯೂ. ನಮ್ಮ ಶೆಡ್ ಪಾಂಡವಪುರ ಕಡೆ. ಮೈಸೂರಿನ ಒಂದು ಕೋಳಿ ಔಷಧಿ ಅಂಗಡಿಯಿಂದ ಮೇವು ಜೀರ್ಣವಾಗಲು ನೆರವಾಗುವ ಎಂಜೈಮ್‌ನ ಎರಡು ಥರದ ಪೌಡರ್ ತಂದು ಬಳಸಿದ್ದೇವೆ. ಒಂದು ಬರೀ ಫೈಟೇಸ್. ಇನ್ನೊಂದು ಐದಾರು ಎಂಜೈಮ್ ಸೇರಿಸಿದ ಕಾಕ್‌ಟೇಲ್. ಅಂಗಡಿ ಹೆಸರು, ಕಂಪನಿ ಹೆಸರು ಬೇಡ. ಇವು ಹತ್ತಾರು ಹೆಸರಲ್ಲಿ ಸಿಗುತ್ತವೆ, ನೋಡಬೇಕಾದ್ದು ಲೇಬಲ್ ಹಿಂದೆ ಏನಿದೆ ಅಂತ.

ಮೊದಲು ಫೈಟೇಸ್. ಜೋಳ, ಹಿಂಡಿ, ತವುಡು ಯಾವುದೇ ಇರಲಿ, ಅದರಲ್ಲಿರುವ ರಂಜಕದಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಫೈಟೇಟ್ ಅನ್ನುವ ರೂಪದಲ್ಲಿ ಗಂಟು ಬಿದ್ದಿರುತ್ತದೆ. ಅದನ್ನು ಬಿಡಿಸುವ ಶಕ್ತಿ ಕೋಳಿ ಹೊಟ್ಟೆಗೆ ಅಷ್ಟಾಗಿ ಇಲ್ಲ. ತಿಂದ ರಂಜಕ ಹಿಕ್ಕೆಯಲ್ಲೇ ಹೋಗುತ್ತದೆ, ಮೂಳೆ ಗಟ್ಟಿಯಾಗಲಿ ಅಂತ ನಾವು ಮೇಲಿಂದ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ರಂಜಕ, ಕ್ಯಾಲ್ಸಿಯಂ ಇರುವ ಪುಡಿ) ಸುರಿಯುತ್ತೇವೆ. ಫೈಟೇಸ್ ಹಾಕಿದರೆ ಆ ಗಂಟು ಬಿಚ್ಚುತ್ತದೆ, ಅಷ್ಟೇ ಅದರ ಕೆಲಸ.

ನಾವು ತಂದ ಪ್ಯಾಕೆಟ್ ಮೇಲೆ ಒಂದು ಗ್ರಾಂಗೆ 5,000 ಯೂನಿಟ್ (ಎಂಜೈಮ್ ಶಕ್ತಿಯ ಅಳತೆ) ಅಂತ ಸ್ಪಷ್ಟವಾಗಿ ಇತ್ತು. ಮಾಮೂಲಿ ಲೆಕ್ಕ ಒಂದು ಕೆಜಿ ಫೀಡಿಗೆ 500 ಯೂನಿಟ್. ಅಂದರೆ ಒಂದು ಟನ್‌ಗೆ 100 ಗ್ರಾಂ ಸಾಕು. ಅಷ್ಟಕ್ಕೆ ಟನ್‌ಗೆ ಐದಾರು ಕೆಜಿ ಡಿಸಿಪಿ ಇಳಿಸಬಹುದು. ಡಿಸಿಪಿ ರೇಟು ಗೊತ್ತಿರುವವರು ತಾವೇ ಲೆಕ್ಕ ಹಾಕಿಕೊಳ್ಳಿ, ಪೌಡರ್ ದುಡ್ಡು ಅಲ್ಲೇ ಹುಟ್ಟುತ್ತದೆ. ಆದರೆ ಡಿಸಿಪಿ ಪೂರ್ತಿ ನಿಲ್ಲಿಸೋ ಹಾಗಿಲ್ಲ. ಸುಣ್ಣಕಲ್ಲಿನ ಪುಡಿ ಜಾಸ್ತಿಯಾದರೂ ಫೈಟೇಸ್ ಕೆಲಸ ಕುಂಠಿತವಾಗುತ್ತದೆ, ಕೈ ಅಳತೆಯಲ್ಲಿ ಎರಚುವವರು ಇದನ್ನು ಗಮನಿಸಿ.

ನಾವು ಶೆಡ್ ಮಧ್ಯೆ ಬಲೆ ಕಟ್ಟಿ ಒಂದೇ ಲಾಟಿನ ಮರಿಗಳನ್ನು ಎರಡು ಪಾಲು ಮಾಡಿದ್ದೆವು. ಒಂದು ಕಡೆ ಪೂರ್ತಿ ಡಿಸಿಪಿ, ಇನ್ನೊಂದು ಕಡೆ ಫೈಟೇಸ್ ಜೊತೆ ಕಡಿಮೆ ಡಿಸಿಪಿ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಬರಬಾರದು ಕೂಡ, ಅದೇ ತೂಕ ಕಡಿಮೆ ಖರ್ಚಲ್ಲಿ ಬರಲಿ ಅಂತ ತಾನೇ ನಾವು ಹಾಕೋದು. ಕಾಲು ನೋಡಲು ಮಾತ್ರ ಮರೆಯಬೇಡಿ. ಮೂರನೇ ವಾರದಿಂದ ಸಂಜೆ ಹೊತ್ತು ಕೂತಿರುವ ಕೋಳಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ಕುಂಟಿದರೆ, ಕೂತ ಜಾಗದಲ್ಲೇ ತೆವಳಿದರೆ ಡಿಸಿಪಿ ಅತಿಯಾಗಿ ಇಳಿಸಿರಬಹುದು. ನಮ್ಮಲ್ಲಿ ಆ ತೊಂದರೆ ಕಾಣಲಿಲ್ಲ.

ಇನ್ನು ಕಾಕ್‌ಟೇಲ್. ಇದರ ಪ್ಯಾಕೆಟ್ ಭಾರೀ ಮಿರಮಿರ ಮಿಂಚುತ್ತದೆ. ಜೈಲನೇಸ್, ಸೆಲ್ಯುಲೇಸ್, ಅಮೈಲೇಸ್, ಪ್ರೋಟಿಯೇಸ್ ಅಂತ ಸಾಲಾಗಿ ಹೆಸರು. ಯಾವುದು ಎಷ್ಟು ಯೂನಿಟ್? ಅದೇ ಇಲ್ಲ. ಕೇಳಿದರೆ ಅಂಗಡಿಯವರು, 'ಹಾಕಿ ನೋಡಿ ಗೌಡ್ರೇ, ಆಮೇಲೆ ನೀವೇ ಹುಡುಕಿಕೊಂಡು ಬರ್ತೀರಾ' ಅಂದರು. ನಾವು ಯೂನಿಟ್ ಕೇಳಿದರೆ ಅವರು ಭರವಸೆ ಕೊಟ್ಟು ಕಳಿಸಿದರು.

ಬರೀ ಜೋಳ, ಸೋಯಾ ಹಿಂಡಿ ಫೀಡಿಗೆ ಇದನ್ನು ಹಾಕಿದಾಗ ತೂಕದಲ್ಲಾಗಲಿ ಎಫ್‌ಸಿಆರ್‌ನಲ್ಲಾಗಲಿ (ಒಂದು ಕೆಜಿ ತೂಕ ಬರಲು ತಿನ್ನುವ ಫೀಡಿನ ಲೆಕ್ಕ) ನಮಗೆ ಗಿಟ್ಟುವಂಥದ್ದು ಏನೂ ಕಾಣಲಿಲ್ಲ. ಕಾರಣ ಇದೆ. ಗೋಧಿ, ಬಾರ್ಲಿಯಲ್ಲಿ ಒಂದು ಥರಾ ಅಂಟು ನಾರು ಇರುತ್ತದೆ. ಅದು ಕರುಳಲ್ಲಿ ನೀರು ಹಿಡಿದು ಮೇವನ್ನು ಲೋಳೆ ಮಾಡುತ್ತದೆ, ಹಿಕ್ಕೆ ಅಂಟಂಟಾಗುತ್ತದೆ, ಶೆಡ್ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗುತ್ತದೆ. ಜೈಲನೇಸ್‌ನಂಥ ಎಂಜೈಮ್ ಇರುವುದು ಆ ನಾರನ್ನು ಕತ್ತರಿಸಲು. ಯುರೋಪಿನ ಕಡೆ ಗೋಧಿ, ಬಾರ್ಲಿ ಹಾಕಿ ಕೋಳಿ ಸಾಕುವವರಿಗೆ ಇದು ಬೇಕೇ ಬೇಕು. ನಮ್ಮ ಮುಸುಕಿನ ಜೋಳದಲ್ಲಿ ಆ ಅಂಟು ತೀರಾ ಕಡಿಮೆ. ನುಚ್ಚಕ್ಕಿಯಲ್ಲೂ ಅಷ್ಟೇ. ಇಲ್ಲದ ರೋಗಕ್ಕೆ ಮದ್ದು ಯಾಕೆ ಅಲ್ವಾ?

ಆದರೆ ಜೋಳದ ರೇಟು ಏರಿದಾಗ ಕಥೆ ಬೇರೆ. ಆಗ ನಾವು ಎಣ್ಣೆ ತೆಗೆದ ತವುಡು, ಒಡೆದ ಗೋಧಿ ಒಂದಿಷ್ಟು ಬೆರೆಸುತ್ತೇವೆ. ಮಂಡ್ಯ ಸುತ್ತಮುತ್ತ ಅಕ್ಕಿ ಮಿಲ್ಲುಗಳಿವೆ, ತವುಡಿಗೆ ಬರ ಇಲ್ಲ. ಅಂಥ ಬ್ಯಾಚಿನಲ್ಲಿ ಕಾಕ್‌ಟೇಲ್ ಹಾಕಿದ ಕಡೆ ಹೊಟ್ಟು ಒಣಗಿ ಇತ್ತು, ಇದು ಕಣ್ಣಿಗೆ ಕಂಡ ವ್ಯತ್ಯಾಸ. ನೀರಿನ ಡ್ರಿಂಕರ್‌ನಿಂದ ಸ್ವಲ್ಪ ದೂರದ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರಬೇಕು. ಹಾಕದ ಕಡೆ ಉಂಡೆಯಾಗಿ ನಿಂತಿತ್ತು, ಬೆಳಿಗ್ಗೆ ಪರದೆ ಎತ್ತಿದರೆ ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತಿತ್ತು. ತವುಡಲ್ಲಿ ಫೈಟೇಟ್ ಕೂಡ ಜಾಸ್ತಿ, ಆದ್ದರಿಂದ ಆ ಫೀಡಿಗೆ ಫೈಟೇಸ್ ಬಿಡಲೇಬಾರದು. ಕೆಲವರು ರಾಗಿ ಹಾಕಬಹುದಾ ಅಂತ ಕೇಳುತ್ತಾರೆ. ಜೋಳದ ಬದಲು ಒಂದು ಪಾಲು ಹಾಕಬಹುದು, ಆದರೆ ರಾಗಿ ರೇಟು ನೋಡಿದರೆ ಅದು ಮುದ್ದೆಗೇ ಸರಿ.

ಅಂಗಡಿ ಬಗ್ಗೆ ಒಂದು ತಕರಾರು ಇದೆ. 25 ಕೆಜಿ ಚೀಲ ಒಡೆದು ಪ್ಲಾಸ್ಟಿಕ್ ಕವರಿಗೆ ತುಂಬಿ ಚಿಲ್ಲರೆ ಮಾರುತ್ತಾರೆ, ಅದರ ಮೇಲೆ ತಯಾರಾದ ತಾರೀಖೂ ಇಲ್ಲ, ಬ್ಯಾಚ್ ನಂಬರೂ ಇಲ್ಲ, ಸಾಲದ್ದಕ್ಕೆ ಬಿಸಿಲು ಬೀಳುವ ಗಾಜಿನ ಕಪಾಟಲ್ಲಿ ಜೋಡಿಸಿಟ್ಟಿರುತ್ತಾರೆ. ಎಂಜೈಮ್ ಅಂದರೆ ಪ್ರೋಟೀನು. ಬಿಸಿ, ತೇವ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಸೀಲ್ ಇರುವ ಸಣ್ಣ ಪ್ಯಾಕ್ ಕೇಳಿ, ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ. ಬೂಷ್ಟು ಹಿಡಿದ ಜೋಳಕ್ಕೂ ಇದೇ ಮದ್ದು ಅಂದರೆ ನಂಬಬೇಡಿ. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷಕ್ಕೂ ಈ ಪೌಡರಿಗೂ ಸಂಬಂಧ ಇಲ್ಲ, ಜೋಳವನ್ನು ಒಣಗಿಸಿಯೇ ತುಂಬಬೇಕು.

ಬೆರೆಸುವಾಗ 100 ಗ್ರಾಂ ಪೌಡರನ್ನು ಟನ್ ಫೀಡಿನ ರಾಶಿ ಮೇಲೆ ಹಾಗೇ ಚೆಲ್ಲಿದರೆ ಒಂದು ಮೂಟೆಗೆ ಹೋಗುತ್ತದೆ, ಇನ್ನೊಂದಕ್ಕೆ ಇಲ್ಲ. ಮೊದಲು ಒಂದು ಕೆಜಿ ಜೋಳದ ಹಿಟ್ಟಿಗೆ, ಆಮೇಲೆ ಹತ್ತು ಕೆಜಿಗೆ, ಕೊನೆಗೆ ರಾಶಿಗೆ. ನಮ್ಮದು ಪುಡಿ ಫೀಡ್, ಬಿಸಿ ತಾಗಲ್ಲ. ಫೀಡನ್ನು ಹಬೆ ಕೊಟ್ಟು ಒತ್ತಿ ಪೆಲೆಟ್ (ಗುಳಿಗೆ) ಮಾಡಿಸುವವರು ಬಿಸಿ ತಡೆಯುವ ಕೋಟಿಂಗ್ ಇರುವುದನ್ನೇ ಕೇಳಿ, ಹಬೆಯಲ್ಲಿ 80 ಡಿಗ್ರಿ ದಾಟಿದರೆ ಸಾದಾ ಪೌಡರು ಸುಮ್ನೆ ದಂಡ.

ಕಂಪನಿ ಜೊತೆ ಇಂಟಿಗ್ರೇಷನ್‌ನಲ್ಲಿ ಇರುವವರು (ಮರಿ, ಫೀಡು ಕಂಪನಿಯದು, ಸಾಕೋದು ರೈತರದು) ಇದ್ಯಾವುದನ್ನೂ ತರುವ ಅಗತ್ಯ ಇಲ್ಲ. ನಿಮಗೆ ಬರುವ ಫೀಡಲ್ಲಿ ಸಾಮಾನ್ಯವಾಗಿ ಎಂಜೈಮ್ ಬೆರೆತೇ ಇರುತ್ತದೆ, ಸೂಪರ್‌ವೈಸರ್‌ಗೆ ಒಂದು ಮಾತು ಕೇಳಿ ನೋಡಿ.